ಈಜು, ಸೈಕಲ್, ಓಟ ಮೂರೂ ಒಂದೇ ರೇಸಿನಲ್ಲಿರುವ ಟ್ರಯಥ್ಲಾನ್‌ಗೆ ಈಜಿನ ವೇಗ ಹೆಚ್ಚಿಸಲು ಅಂಗೈಗೆ ಕಟ್ಟಿಕೊಳ್ಳುವ ಹಲಗೆ, ಅಂದರೆ ಹ್ಯಾಂಡ್ ಪ್ಯಾಡಲ್ ತಗೊಳ್ಳಲೇ, ದಿನಾ ಎರಡು ಕಿಲೋಮೀಟರ್ ಈಜಲೇ?

ಎರಡೂ ಬೇಡ. ತೋಟದ ಕೆರೆಯಲ್ಲಿ ಈಜು ಕಲಿತೆ, ಓಟ-ಸೈಕಲ್ ಎಷ್ಟಾದರೂ ಸರಿ, ನೀರಿಗಿಳಿದರೆ 200 ಮೀಟರಿಗೇ ಏದುಸಿರು ಅಂತ ಬರೆದಿದ್ದೀರಲ್ಲ, ಐದು ವರ್ಷದ ಹಿಂದಿನ ನನ್ನನ್ನೇ ನೋಡಿದ ಹಾಗಾಯಿತು.

ನಮ್ಮದು ವಿರಾಜಪೇಟೆ ಕಡೆ ಕಾಫಿ ತೋಟ. ಕುಶಾಲನಗರದಿಂದ ಮಡಿಕೇರಿಗೆ ಏರು ತುಳಿದುಕೊಂಡು ಬರುವವನಿಗೆ 1.5 ಕಿ.ಮೀ. ಈಜು ಯಾವ ಲೆಕ್ಕ ಅಂದುಕೊಂಡಿದ್ದೆ. ಪ್ಯಾಡಲ್ ತರಿಸಿ ಚಳಿಗಾಲವಿಡೀ ಕೆರೆಯಲ್ಲಿ ತೋಳು ಬೀಸಿದೆ. ವೇಗ ಬರಲಿಲ್ಲ, ಭುಜದ ನೋವು ಬಂತು. ಮೊದಲ ಒಲಿಂಪಿಕ್ ದೂರದ ರೇಸಿನಲ್ಲಿ ಇನ್ನೂ 40 ಕಿ.ಮೀ. ಸೈಕಲ್, 10 ಕಿ.ಮೀ. ಓಟ ಬಾಕಿ ಇರುವಾಗಲೇ, ಮೊದಲ ತಿರುವಿಗೂ ಮುಂಚೆ ಎದೆ ಬಿಗಿದುಕೊಂಡಿತು. ಕಾವಲಿಗಿದ್ದ ಕಯಾಕ್ ಅನ್ನುವ ಸಣ್ಣ ದೋಣಿ ಹಿಡಿದು ನಿಂತೆ. (ಹಾಗೆ ಹಿಡಿದು ಸುಧಾರಿಸಿಕೊಳ್ಳಬಹುದು, ಅದರ ಆಸರೆಯಲ್ಲಿ ಮುಂದೆ ಸಾಗಬಾರದು ಅಷ್ಟೇ.) ಕಯಾಕ್‌ನಲ್ಲಿದ್ದ ಹುಡುಗ, "ಉಸಿರು ಬಿಡಿ ಅಣ್ಣಾ, ಮೊದಲು ಬಿಡಿ" ಅಂದ. ಸಮಾಧಾನಕ್ಕೆ ಹೇಳಿದ ಅಂದುಕೊಂಡೆ. ನನ್ನ ತಪ್ಪೇ ಅದಾಗಿತ್ತು.

ನಾನು ನೀರೊಳಗೆ ಉಸಿರು ಕಟ್ಟುತ್ತಿದ್ದೆ. ಚಿಕ್ಕಂದಿನಲ್ಲಿ ಕೆರೆಗೆ ಹಾರುವಾಗ ಬಾಯಿ ಮುಚ್ಚಿ ಮುಳುಗುತ್ತಿದ್ದೆವಲ್ಲ, ಅದೇ ಅಭ್ಯಾಸ. ಇದರಿಂದ ಏನಾಗುತ್ತದೆ ನೋಡಿ. ಉಸಿರು ಕಟ್ಟಿದರೆ ಒಳಗೆ ಕಾರ್ಬನ್ ಡೈಆಕ್ಸೈಡ್ ಏರುತ್ತದೆ, ಗಾಬರಿ ಹುಟ್ಟಿಸುವುದು ಅದೇ. ಮುಖ ತಿರುಗಿಸಿದ ಆ ಅರೆಕ್ಷಣದಲ್ಲಿ ಹಳೆಯ ಗಾಳಿ ಹೊರಹಾಕಿ ಹೊಸದನ್ನು ಎಳೆಯಬೇಕು, ಎರಡಕ್ಕೂ ಸಮಯ ಸಾಲದು. ಸಾಲದ್ದಕ್ಕೆ ತಲೆ ಮೇಲೆತ್ತುತ್ತೇವೆ. ತಲೆ ಎದ್ದರೆ ತಕ್ಕಡಿಯ ಇನ್ನೊಂದು ತಟ್ಟೆಯ ಹಾಗೆ ಸೊಂಟ ಇಳಿಯುತ್ತದೆ, ಕಾಲು ಜೋತು ಬೀಳುತ್ತದೆ. ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರ. ಜೋತ ಕಾಲನ್ನು ಅದರಲ್ಲಿ ಎಳೆದುಕೊಂಡು ಹೋಗಲು ಎಷ್ಟು ತೋಳ್ಬಲ ಇದ್ದರೂ ಸಾಲದು. ಕಾಲು ಮೇಲೆ ಬರಲಿ ಅಂತ ಜೋರಾಗಿ ಒದೆಯುತ್ತೇವೆ, ತೊಡೆಯ ದೊಡ್ಡ ಸ್ನಾಯುಗಳು ಇನ್ನಷ್ಟು ಉಸಿರು ಕೇಳುತ್ತವೆ. ನಿಮ್ಮ ಏದುಸಿರು ಇದೇ, ದಮ್ಮು ಕಮ್ಮಿಯಾದದ್ದಲ್ಲ. ಇದರ ಮೇಲೆ ದಿನಾ ಎರಡು ಕಿಲೋಮೀಟರ್ ಈಜಿದರೆ ತಪ್ಪೇ ಮೈಗೆ ಹತ್ತುತ್ತದೆ. ನನಗೆ ಹತ್ತಿತ್ತು.

ಆಮೇಲೆ ವಾರಕ್ಕೊಮ್ಮೆ ಮೈಸೂರಿಗೆ ಹೋಗಿ ಒಬ್ಬ ಕೋಚ್ ಹತ್ತಿರ ಕಲಿತೆ. ಮೊದಲ ದಿನ ಅವರು ಈಜಲು ಬಿಡಲೇ ಇಲ್ಲ. ಸೊಂಟಮಟ್ಟದ ನೀರಿನಲ್ಲಿ ಅಂಚು ಹಿಡಿದು ಮುಖ ಅದ್ದಿ, ಮೂಗು-ಬಾಯಿಂದ ಸಣ್ಣಗೆ ಗುಳ್ಳೆ ಬಿಡುತ್ತಾ ಇರು ಅಂದರು. ನನ್ನ ಗುಳ್ಳೆ ಎರಡು ಸಲ ಬುಸ್ ಅಂದು ನಿಂತುಹೋಗುತ್ತಿತ್ತು. ಒಂದೇ ಎಳೆಯಲ್ಲಿ ಬರಲು ಮೂರು ವಾರ ಬೇಕಾಯಿತು. ಆಮೇಲೆ ನೋಟ ಕೊಳದ ತಳಕ್ಕೆ, ಉಸಿರೆಳೆಯುವಾಗ ಒಂದು ಕಣ್ಣು ನೀರಲ್ಲೇ. ಗುರಿ ನೋಡಲು ಮೊಸಳೆಯ ಹಾಗೆ ಕಣ್ಣಷ್ಟೇ ಮೇಲೆ, ಮರುಕ್ಷಣ ಮುಖ ಒಳಗೆ. ಕಾಲು ಮೆಲ್ಲಗೆ ಆಡಿದರೆ ಸಾಕು, ಅದು ಸೈಕಲ್‌ಗೆ ಬೇಕು.

ಮುಂದಿನ ವರ್ಷ ಅದೇ 1.5 ಕಿ.ಮೀ. ಎಲ್ಲೂ ನಿಲ್ಲದೆ ಮುಗಿಸಿದೆ. ಸೈಕಲ್ ಹತ್ತುವಾಗ ಮಾತಾಡುವಷ್ಟು ಉಸಿರಿತ್ತು.

ದಯವಿಟ್ಟು ಹಾರಂಗಿ ಹಿನ್ನೀರಿಗೋ ಕಾವೇರಿಗೋ ಒಬ್ಬರೇ ಇಳಿಯಬೇಡಿ, ಮಳೆಗಾಲದಲ್ಲಂತೂ ಆ ಮಾತೇ ಬೇಡ. ತೋಟದ ಕೆರೆಯಲ್ಲೂ ಹೂಳು ಇರುತ್ತದೆ, ದಡದಲ್ಲಿ ಯಾರಾದರೂ ನಿಂತಿರಲಿ. ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕಿದ ಮೇಲೆ ಕೆರೆ ಇಳಿದುಹೋಗುತ್ತದೆ, ಈಜು ನಿಂತಿತು ಅಂತ ಕೊರಗಿದ್ದೀರಿ. ಗುಳ್ಳೆ ಬಿಡುವುದಕ್ಕೆ ಬಕೆಟ್ ನೀರೂ ಆಗುತ್ತದೆ, ಇವತ್ತು ಸಂಜೆಯೇ ಶುರು ಮಾಡಿ.