ಬಿಲ್ಲಿಗೆ ಸಹಿ ಹಾಕುವ ಮುಂಚೆ

ಕಟ್ಟಡ, ರಸ್ತೆ, ನಾಲೆ ಅಂತ ಸರ್ಕಾರಿ ಕೆಲಸಗಳಲ್ಲಿ ಮೂವತ್ತೊಂದು ವರ್ಷ ಸವೆಸಿ ನಿವೃತ್ತರಾದ ಎಂಜಿನಿಯರ್ ಒಬ್ಬರು ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.

*ಸರ್, ಒಂದು ಶಿಕ್ಷಣ ಟ್ರಸ್ಟಿನವರು ಎಂಟು ಕೊಠಡಿಗಳ ಶಾಲೆ ಕಟ್ಟಿಸುತ್ತಿದ್ದಾರೆ. ಕಾಂಟ್ರಾಕ್ಟ್ ನೋಡಿಕೊಳ್ಳೋಕೆ ನನ್ನನ್ನು ಇಟ್ಟುಕೊಂಡಿದ್ದಾರೆ. ಕಂಟ್ರಾಕ್ಟರ್ ಮೂರನೇ ರನ್ನಿಂಗ್ ಬಿಲ್ (ಕೆಲಸ ನಡೀತಿರುವಾಗಲೇ ಆಗಾಗ ಕೊಡೋ ಬಿಲ್) ಕೊಟ್ಟಿದ್ದಾರೆ. ಇಲ್ಲಿವರೆಗಿನ ಒಟ್ಟು ಕೆಲಸ 62 ಲಕ್ಷ ಅಂತಾರೆ. ನನ್ನ ಅಳತೆಗೆ ಬರೋದು 54 ಲಕ್ಷ. ಕಿಟಕಿ ಕಳೆಯದೆ ಗಾರೆ ಲೆಕ್ಕ ಹಾಕಿದ್ದಾರೆ, ಸೈಟಿನಲ್ಲಿ ಪೇರಿಸಿಟ್ಟ ಕಬ್ಬಿಣವನ್ನೂ ಸೇರಿಸಿದ್ದಾರೆ, ನಕ್ಷೆಯಲ್ಲಿಲ್ಲದ ಒಂದು ಸ್ಟೋರ್ ರೂಮಿಗೂ ದುಡ್ಡು ಕೇಳಿದ್ದಾರೆ. ಅದನ್ನು ಕಟ್ಟು ಅಂತ ಬಾಯಲ್ಲಿ ಹೇಳಿದ್ದು ನಮ್ಮ ಅಧ್ಯಕ್ಷರೇ. ಈಗ ಅವರು, "ಸಂಬಳ ಕೊಡೋರು ನಾವು, 45ಕ್ಕೆ ಇಳಿಸು" ಅಂತಿದ್ದಾರೆ. ನಾನು ಯಾರ ಕಡೆ ನಿಲ್ಲಲಿ?*
*— ಯುವ ಎಂಜಿನಿಯರ್, ದಾವಣಗೆರೆ*

ಟೇಪು ಹಿಡಿದು ನಿಲ್ಲಿ. ತಮಾಷೆಗೆ ಹೇಳುತ್ತಿಲ್ಲ. ನಿಮ್ಮ ಸಂಬಳ ಟ್ರಸ್ಟಿನದು ನಿಜ. ನಕ್ಷೆ ಕೊಡಿಸುವುದು, ಕೆಲಸ ತಪಾಸಣೆ ಮಾಡುವುದು, ಕಳಪೆ ಕಂಡರೆ ಒಡೆಸುವುದು, ಇಷ್ಟನ್ನೂ ನೀವು ಅವರ ಪರವಾಗಿಯೇ ಮಾಡುತ್ತೀರಿ. ಆದರೆ "ಇಷ್ಟು ಕೆಲಸ ಆಗಿದೆ, ಇಷ್ಟು ಹಣ ಸಲ್ಲಬೇಕು" ಎಂದು ಸಹಿ ಹಾಕುವ ಗಳಿಗೆಯಲ್ಲಿ ಗುತ್ತಿಗೆದಾರನೂ ನಿಮ್ಮ ಸಹಿಯನ್ನೇ ನಂಬಿ ಕೂತಿರುತ್ತಾನೆ. ಹೊರದೇಶದ ದೊಡ್ಡ ಕೆಲಸಗಳಲ್ಲಿ ಬಳಸುವ, ಎಂಜಿನಿಯರುಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿಡಿಕ್‌ನ ಮಾದರಿ ಕರಾರಿನ 1999ರ ಕೆಂಪು ಪುಸ್ತಕದಲ್ಲಂತೂ, ಎಂಜಿನಿಯರ್ ಮೊದಲು ಇಬ್ಬರನ್ನೂ ಕೇಳಬೇಕು, ಒಮ್ಮತ ಬಾರದಿದ್ದರೆ ಕರಾರಿಗೆ ತಕ್ಕಂತೆ ನ್ಯಾಯವಾಗಿ ತೀರ್ಮಾನಿಸಬೇಕು ಎಂದು ಬರೆದೇ ಇಟ್ಟಿದ್ದಾರೆ.

ಹಾಗಂತ ಕೈ ಸಡಿಲ ಬಿಟ್ಟರೂ ಕಷ್ಟವೇ. ಇಂಗ್ಲೆಂಡಿನಲ್ಲಿ ಒಬ್ಬರು ಮನೆ ಕಟ್ಟಿಸುವಾಗ, ಸರಿಯಿಲ್ಲದ ಕೆಲಸಕ್ಕೂ ಆರ್ಕಿಟೆಕ್ಟರು ಬಿಲ್ ಪಾಸು ಮಾಡಿದರು. ಆಮೇಲೆ ಬಿಲ್ಡರು ದಿವಾಳಿಯಾದ. ಹೆಚ್ಚಾಗಿ ಹೋದ ಹಣಕ್ಕೆ ಆರ್ಕಿಟೆಕ್ಟರೇ ಹೊಣೆ ಎಂದು 1974ರಲ್ಲಿ, ಆಗ ಅಲ್ಲಿನ ಅತ್ಯುನ್ನತ ನ್ಯಾಯಾಲಯವೂ ಆಗಿದ್ದ ಹೌಸ್ ಆಫ್ ಲಾರ್ಡ್ಸ್ ತೀರ್ಪು ಕೊಟ್ಟಿತು.

ಈಗ ನಿಮ್ಮ ಬಿಲ್ಲಿಗೆ ಬರೋಣ. ಗಾರೆಯಿಂದ ಶುರುಮಾಡುತ್ತೇನೆ, ಇದರಲ್ಲಿ ಹಣ ಕಡಿಮೆ, ಜಗಳ ಜಾಸ್ತಿ. ನಿಮ್ಮ ಕರಾರಿನಲ್ಲಿ ಅಳತೆ ಐಎಸ್ 1200ರ (ಕಟ್ಟಡ ಕೆಲಸ ಅಳೆಯುವ ಭಾರತೀಯ ಮಾನಕ) ಪ್ರಕಾರ ಎಂದಿದ್ದರೆ ನಿಯಮ ಹೀಗೆ: ಅರ್ಧ ಚದರ ಮೀಟರಿಗಿಂತ ಚಿಕ್ಕ ಕಂಡಿಯನ್ನು ಕಳೆಯುವುದೇ ಇಲ್ಲ. ಅರ್ಧದಿಂದ ಮೂರು ಚದರ ಮೀಟರಿನೊಳಗಿನದಾದರೆ, ಗೋಡೆಯ ಎರಡೂ ಮುಖಕ್ಕೆ ಒಂದೇ ಗಾರೆ ಇದ್ದಾಗ, ಒಂದು ಮುಖದಲ್ಲಿ ಮಾತ್ರ ಕಳೆಯಬೇಕು. ಕಿಟಕಿಯ ಒಳಪಕ್ಕಗಳ ಗಾರೆಗೆ ಬೇರೆ ಲೆಕ್ಕವಿಲ್ಲ, ಅದು ಇದರಲ್ಲೇ ತೀರಿತು. ಒಂದೂವರೆ ಮೀಟರ್ ಅಗಲ, 1.2 ಮೀಟರ್ ಎತ್ತರದ ಕಿಟಕಿ ಅಂದರೆ 1.8 ಚದರ ಮೀಟರ್. ಕೊಠಡಿಗೆ ನಾಲ್ಕರಂತೆ 32 ಕಿಟಕಿಗೆ 57.6. ಗುತ್ತಿಗೆದಾರ ಏನೂ ಕಳೆಯದೆ ಬಿಟ್ಟಿದ್ದು ತಪ್ಪು. ನಿಮ್ಮ ಅಧ್ಯಕ್ಷರು ಎರಡೂ ಕಡೆ ಕಳೆ ಅಂದರೆ ಅದೂ ತಪ್ಪು. ಅವರ ಮುಂದೆ ಆ ಪುಟವನ್ನು ತೆರೆದಿಡಿ, ವಾದ ಮಾಡಬೇಡಿ.

ಪೇರಿಸಿಟ್ಟ ಕಬ್ಬಿಣ ಆಗಿರುವ ಕೆಲಸವಲ್ಲ. ಸೈಟಿಗೆ ತಂದ ಸಾಮಾನಿಗೆ ಸೆಕ್ಯೂರ್ಡ್ ಅಡ್ವಾನ್ಸ್ (ಸಾಮಾನಿನ ಭದ್ರತೆಯ ಮೇಲೆ ಮುಂಗಡ) ಕೊಡಬಹುದೆಂದು ಕರಾರಿನಲ್ಲಿದ್ದರೆ ಅದರಂತೆ ಕೊಡಿ, ಇಲ್ಲವಾದರೆ ಕಟ್ಟಿದ ಮೇಲೆ ಕೊಡಿ.

ಸ್ಟೋರ್ ರೂಮನ್ನು ಮಾತ್ರ ಕೆಂಪು ಶಾಯಿಯಲ್ಲಿ ಹೊಡೆದುಹಾಕಿ ಕೈತೊಳೆದುಕೊಳ್ಳಬೇಡಿ. ಪುಕ್ಕಟೆ ಅಂತಲ್ಲದೆ ಮಾಡಿಕೊಟ್ಟ ಕೆಲಸದ ಲಾಭ ಪಡೆದವನು ಅದಕ್ಕೆ ಪರಿಹಾರ ಕೊಡಬೇಕು ಎನ್ನುತ್ತದೆ 1872ರ ಕರಾರು ಕಾಯ್ದೆಯ 70ನೇ ಕಲಂ. ಟ್ರಸ್ಟಿನವರು ಆಗಲೇ ಆ ರೂಮಿಗೆ ಬೀಗ ಹಾಕಿ ಬೆಂಚು ಪೇರಿಸಿರುತ್ತಾರೆ, ಪಂಥ ಕಟ್ಟುತ್ತೇನೆ. ಆದರೆ ಹೆಚ್ಚುವರಿ ಕೆಲಸಕ್ಕೆ ಮಂಜೂರು ಕೊಡುವ ಅಧಿಕಾರ ನಿಮಗಿಲ್ಲ. ಆದ್ದರಿಂದ ಇವತ್ತೇ ಎರಡು ಪತ್ರ ಬರೆಯಿರಿ. ಒಂದು ಗುತ್ತಿಗೆದಾರನಿಗೆ: ಯಾರು, ಯಾವ ದಿನ, ಏನು ಹೇಳಿದರು, ದರದ ವಿವರ ಏನು, ಬರೆದು ಕೊಡಿ ಅಂತ. ಇನ್ನೊಂದು ಟ್ರಸ್ಟಿಗೆ: ಈ ಹೆಚ್ಚುವರಿ ಕೆಲಸಕ್ಕೆ ನಿಮ್ಮ ಒಪ್ಪಿಗೆ ಬೇಕು, ಅದು ಬರುವವರೆಗೆ ಈ ಬಾಬ್ತನ್ನು ಬಿಲ್ಲಿನಲ್ಲಿ ಬಾಕಿ ಇಟ್ಟಿದ್ದೇನೆ ಅಂತ. ಇನ್ನು ಮುಂದೆ ಯಾರು ಬಾಯಲ್ಲಿ ಹೇಳಿದರೂ ಸಂಜೆಯೊಳಗೆ ಕಾಗದ ಆಗಬೇಕು. ಫಿಡಿಕ್‌ನ ಆ 1999ರ ಪುಸ್ತಕದಲ್ಲಿ ಇದಕ್ಕೊಂದು ಜಾಣ ಏರ್ಪಾಡಿದೆ. ಎಂಜಿನಿಯರ್ ಬಾಯಲ್ಲಿ ಕೊಟ್ಟ ಸೂಚನೆಯನ್ನು ಗುತ್ತಿಗೆದಾರ ಎರಡು ಕೆಲಸದ ದಿನದೊಳಗೆ ಬರೆದು ಕಳಿಸಿದರೆ, ಅದು ತಲುಪಿ ಮತ್ತೆರಡು ಕೆಲಸದ ದಿನದೊಳಗೆ ಎಂಜಿನಿಯರ್ ಬರೆದು ಅಲ್ಲಗಳೆಯದಿದ್ದರೆ, ಅದು ಲಿಖಿತ ಆದೇಶವೇ ಆಗುತ್ತದೆ.

ಹಾಗಾದರೆ ಈ ಸಲ ಎಷ್ಟು? ಅಳತೆಯಂತೆ 54 ಲಕ್ಷ. ಶೇ. 5 ಠೇವಣಿ ಹಿಡಿಯುವ ಕರಾರಾದರೆ 2.70 ಹೋಗಿ 51.30. ಹಿಂದಿನ ಎರಡು ಬಿಲ್ಲುಗಳಲ್ಲಿ 33.25 ಕೊಟ್ಟಿದ್ದೀರೆಂದುಕೊಳ್ಳಿ, ಈಗ ಸಲ್ಲಬೇಕಾದ್ದು 18.05 ಲಕ್ಷ. ತೆರಿಗೆ ಕಡಿತ ಬೇರೆ. ಅಧ್ಯಕ್ಷರು ಇಳಿಸು ಅನ್ನುವ ಇನ್ನೊಂಬತ್ತು ಲಕ್ಷಕ್ಕೆ ಯಾವ ಅಳತೆಯ ಆಧಾರವಿದೆ ಎಂದು ಕೇಳಿ. ಇದ್ದರೆ ಇಬ್ಬರೂ ಸೈಟಿಗೆ ಹೋಗಿ ಅಳೆಯಿರಿ.

ನನ್ನದೊಂದು ಮಾನ ಹೋದ ಕಥೆ ಹೇಳುತ್ತೇನೆ. ನೌಕರಿಗೆ ಸೇರಿದ ಎರಡನೇ ವರ್ಷ, ಹನ್ನೊಂದು ಕಂಬಗಳ ಒಂದು ಕಟ್ಟಡ. ಪಾಯದ ಹೊಂಡಗಳನ್ನು ನೋಡಲು ನಾನು ಹೋಗುವಷ್ಟರಲ್ಲಿ ಕಾಂಕ್ರೀಟ್ ಹಾಕಿ ಮಣ್ಣು ಮುಚ್ಚಿಬಿಟ್ಟಿದ್ದರು. ಮೇಸ್ತ್ರಿ "ಎಲ್ಲಾ ಒಂದೆಂಬತ್ತು ಸಾರ್" ಅಂದ. ನಾನೂ ಹನ್ನೊಂದಕ್ಕೂ ಆಳ 1.80 ಮೀಟರ್ ಅಂತ ಎಂ.ಬಿ.ಯಲ್ಲಿ, ಅಂದರೆ ಅಳತೆ ಪುಸ್ತಕದಲ್ಲಿ, ಬರೆದುಬಿಟ್ಟೆ. ವಾರದ ನಂತರ ನಮ್ಮ ಮೇಲಧಿಕಾರಿ ಎಇಇ ಸಾಹೇಬರು ಚೆಕ್ ಮೆಜರ್‌ಮೆಂಟಿಗೆ, ಅಂದರೆ ನನ್ನ ಅಳತೆ ಪರೀಕ್ಷಿಸಲು, ಬಂದರು. ಪುಟ ನೋಡಿದರು, ಏನೂ ಅನ್ನಲಿಲ್ಲ. ಹಾರೆ ತರಿಸಿ ಮೂಲೆಯ ಒಂದು ಹೊಂಡ ಅಗೆಸಿದರು. 1.35! ಒಂದೂವರೆ ಮೀಟರ್ ಚೌಕದ ಹೊಂಡ. ಎಲ್ಲವೂ ಹಾಗೇ ಇದ್ದರೆ ಅಗೆತ ಒಂದರಲ್ಲೇ 11 ಘನ ಮೀಟರ್ ಸುಳ್ಳು. "ಇವೆಲ್ಲ ಹೀಗೆ ಒಂದೇ ಆಳ ಇರೋಕೆ ಇವೇನು ಇಡ್ಲಿ ತಟ್ಟೆ ಗುಳಿಗಳೇನಯ್ಯಾ?" ಅಂದರು. ಅಲ್ಲೇ ಬಿಸಿಲಲ್ಲಿ ಕೂರಿಸಿ ಹನ್ನೊಂದು ಸಾಲನ್ನೂ ಹೊಡೆಸಿದರು. ಒಂದೇ ಗೆರೆ, ಕೆಳಗಿನ ಅಂಕಿ ಓದಲು ಬರಬೇಕು, ಪಕ್ಕದಲ್ಲಿ ಚಿಕ್ಕ ಸಹಿ, ತಾರೀಖು. ಅಂಕಿಯ ಮೇಲೆ ಅಂಕಿ ತಿದ್ದುವಂತಿಲ್ಲ, ಅಳಿಸುವಂತಿಲ್ಲ. ಅಂದಿನಿಂದ ಮುಚ್ಚಿಹೋಗುವ ಯಾವ ಕೆಲಸವನ್ನೂ ನಾನು ಮುಚ್ಚುವ ಮುಂಚೆಯೇ ಅಳೆದಿದ್ದೇನೆ, ಗುತ್ತಿಗೆದಾರನ ಕಡೆಯವರ ಸಹಿಯನ್ನೂ ಅಲ್ಲೇ ಹಾಕಿಸಿದ್ದೇನೆ.

*ನಮ್ಮ ಮನೆಯ ಕಂಟ್ರಾಕ್ಟರ್ ನಾಲ್ಕು ತಿಂಗಳು ತಡ ಮಾಡಿದ. ಅಗ್ರಿಮೆಂಟಿನಲ್ಲಿ ದಿನಕ್ಕೆ ಸಾವಿರ ದಂಡ ಅಂತಿದೆ. ಅವನಿಗೆ ಕೊಡಬೇಕಾದ ಬಾಕಿ 90,000. 1,20,000 ದಂಡಕ್ಕೆ ಅದನ್ನು ಮುರಿದುಕೊಳ್ಳಬಹುದಾ? ಟೈಲ್ಸ್ ಆರಿಸೋದು ನಮ್ಮಿಂದಲೂ ಸ್ವಲ್ಪ ತಡ ಆಯ್ತು.*
*— ಗೃಹಿಣಿ, ಮೈಸೂರು*

ನಿಮ್ಮ ಕೊನೆಯ ಸಾಲಿನಲ್ಲೇ ಅರ್ಧ ಉತ್ತರವಿದೆ, ತಾಯಿ. ದಂಡ ಎಂದು ಬರೆದುಕೊಂಡ ಮಾತ್ರಕ್ಕೆ ಅಷ್ಟೂ ಕೈಗೆ ಬರುವುದಿಲ್ಲ. ಕರಾರು ಕಾಯ್ದೆಯ 74ನೇ ಕಲಂ ಪ್ರಕಾರ ಬರೆದ ಮೊತ್ತವೇ ಮೇಲಿನ ಮಿತಿ. ಅದರೊಳಗೆ ಸಮಂಜಸವಾದಷ್ಟು ಪರಿಹಾರ. ನೀವು ಬಾಡಿಗೆ ಮನೆಯಲ್ಲಿದ್ದು ತಿಂಗಳಿಗೆ 14,000 ಕಟ್ಟಿದ್ದರೆ ನಾಲ್ಕು ತಿಂಗಳಿಗೆ 56,000. ರಸೀದಿ ಇಟ್ಟುಕೊಂಡಿದ್ದೀರಾ? ಟೈಲ್ಸಿಗಾಗಿ ಕೆಲಸ ನಿಂತ ದಿನಗಳನ್ನು ಅದರಲ್ಲಿ ಕಳೆಯಿರಿ. ಸರ್ಕಾರಿ ಕೆಲಸಗಳಲ್ಲಿ ಇದಕ್ಕಾಗಿಯೇ ಹಿಂಡ್ರೆನ್ಸ್ ರಿಜಿಸ್ಟರ್ ಇಡುತ್ತಾರೆ: ಕೆಲಸ ಯಾವತ್ತು ನಿಂತಿತು, ಯಾರಿಂದ, ಯಾವತ್ತು ಶುರುವಾಯಿತು. ನೀವು ವಾಟ್ಸ್ಆ್ಯಪಿನ ಮಾತುಕತೆ, ಅಂಗಡಿ ಬಿಲ್ಲುಗಳ ತಾರೀಖು ನೋಡಿ ಅದನ್ನೇ ಒಂದು ಹಾಳೆಯಲ್ಲಿ ಬರೆಯಿರಿ. ತಡವಾಗಿದ್ದಕ್ಕೆ ಪರಿಹಾರ ಕೇಳುತ್ತೇನೆಂದು ಮನೆ ವಶಕ್ಕೆ ಪಡೆಯುವಾಗಲೇ ಬರೆದು ತಿಳಿಸಿರಬೇಕು, ಸುಮ್ಮನೆ ಬೀಗ ಇಸಿದುಕೊಂಡರೆ ನಿಮ್ಮ ವಾದ ಸಡಿಲವಾಗುತ್ತದೆ. ಇನ್ನೂ ಕೀ ತೆಗೆದುಕೊಂಡಿಲ್ಲವಾದರೆ ಇಂದೇ ಬರೆಯಿರಿ. ಆಮೇಲೆ ಹಾಳೆ ಮುಂದಿಟ್ಟು ಇಬ್ಬರೂ ಕೂತು ಒಂದು ಅಂಕಿಗೆ ಬನ್ನಿ. ಬಾಗಿಲಿನ ಬಿರುಕು ಸರಿಮಾಡಲು ಅವನೇ ಮತ್ತೆ ಬರಬೇಕಲ್ಲ.

*ಮೋಲ್ಡ್ (ಛಾವಣಿ ಕಾಂಕ್ರೀಟ್) ಹಾಕಿ ಏಳು ದಿನಕ್ಕೆ ಕ್ಯೂಬ್ ರಿಸಲ್ಟ್ (ಅದೇ ಕಾಂಕ್ರೀಟಿನ ಘನಗಳ ಬಲ ಪರೀಕ್ಷೆ) ಕಡಿಮೆ ಬಂದಿದೆ. ಬಿಲ್ಲನ್ನು ಪೂರ್ತಿ ತಡೆಹಿಡಿಯಲೇ?*
*— ಸೈಟ್ ಸೂಪರ್‌ವೈಸರ್, ಹುಬ್ಬಳ್ಳಿ*

ಗಾಬರಿ ಬೇಡ, ನಿದ್ದೆಯೂ ಬೇಡ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರಲ್ಲಿ ಕಾಂಕ್ರೀಟು ಪಾಸೋ ಫೇಲೋ ಎನ್ನುವುದು 28 ದಿನದ ಬಲದ ಮೇಲೆ. ಏಳು ದಿನದ್ದು ಬರೀ ಮುನ್ಸೂಚನೆ. ನಿಮ್ಮದು 30 ಘನ ಮೀಟರ್ ಮೋಲ್ಡಾದರೆ ಕನಿಷ್ಠ ಮೂರು ಸ್ಯಾಂಪಲ್, ಒಂದೊಂದಕ್ಕೆ ಮೂರು ಕ್ಯೂಬು. 28 ದಿನಕ್ಕೆಂದು ಆ ಒಂಬತ್ತು ಕ್ಯೂಬುಗಳನ್ನು ಬೇರೆ ತೆಗೆದು ನೀರಿನಲ್ಲಿಟ್ಟಿದ್ದಾರೋ ಇಲ್ಲವೋ ಮೊದಲು ನೋಡಿ. ರಿಸಲ್ಟಿನ ಪ್ರತಿ ಲಗತ್ತಿಸಿ ಗುತ್ತಿಗೆದಾರರಿಗೆ ಪತ್ರ ಕೊಡಿ, ಕ್ಯೂರಿಂಗ್ ನಿಲ್ಲಿಸಬೇಡಿ, ಸೆಂಟ್ರಿಂಗ್ ಕಂಬಗಳನ್ನು ಅವಸರದಲ್ಲಿ ತೆಗೆಯಲು ಬಿಡಬೇಡಿ. ಆ ಮೋಲ್ಡಿನ ಬಾಬ್ತನ್ನು ಮಾತ್ರ ಬಾಕಿ ಇಟ್ಟು, ಉಳಿದ ಗೋಡೆ ಕೆಲಸದ ಬಿಲ್ಲನ್ನು ಕಳಿಸಿಕೊಡಿ.