ಸಾಲ್ವಡಾರ್‌ನ ಸೊಬಗನ್ನು ಕಟ್ಟಿದವರು

ಮಾನ್ಯರೆ,

ಹಿಂದಿನ ಸಂಚಿಕೆಯಲ್ಲಿ ಪ್ರಕಟವಾದ ಬ್ರೆಜಿಲ್‌ನ ಸಾಲ್ವಡಾರ್ ನಗರದ ಲೇಖನವು ಗುಲಾಮಗಿರಿಯ ಕಥೆಗೇ ಹೆಚ್ಚು ಜಾಗ ಕೊಟ್ಟು, ಚರ್ಚುಗಳ ಮತ್ತು ಕಾರ್ನಿವಲ್ ಹಬ್ಬದ ಸೊಬಗನ್ನು ಬದಿಗೆ ಸರಿಸಿತೆಂದು ತಾವು ಬರೆದಿದ್ದೀರಿ. ತಮ್ಮ ಆಕ್ಷೇಪವನ್ನು ಗೌರವದಿಂದ ಓದಿದ್ದೇನೆ. ಆದರೆ ಅವೆರಡನ್ನೂ ಬೇರ್ಪಡಿಸಿ ಹೇಳಲು ಆ ಊರಿನ ಚರಿತ್ರೆಯೇ ಎಡೆಗೊಡುವುದಿಲ್ಲವೆಂಬುದು ನನ್ನ ದೃಢವಾದ ಅಭಿಪ್ರಾಯ.

1549ರಲ್ಲಿ ಪೋರ್ಚುಗಲ್ ದೊರೆಯ ಪ್ರತಿನಿಧಿಯಾಗಿ ಬಂದ ತೊಮೆ ದೆ ಸೋಜಾ ಸ್ಥಾಪಿಸಿದ ಈ ನಗರವು, 1763ರಲ್ಲಿ ಆಡಳಿತ ರಿಯೊ ಡಿ ಜನೈರೊಗೆ ಹೋಗುವವರೆಗೂ ಬ್ರೆಜಿಲ್‌ನ ರಾಜಧಾನಿಯಾಗಿತ್ತು. ಗೋವಾದಿಂದ ಲಿಸ್ಬನ್ನಿಗೆ ಮರಳುತ್ತಿದ್ದ ಹಡಗುಗಳೂ ಇಲ್ಲಿ ತಂಗುತ್ತಿದ್ದವು. ಊರಿನ ಸಂಪತ್ತೆಲ್ಲ ಸಕ್ಕರೆಯದು; ಕೊಲ್ಲಿಯ ಸುತ್ತಲಿನ ಕಬ್ಬಿನ ಗದ್ದೆಗಳಲ್ಲಿ, ಆಲೆಮನೆಗಳಲ್ಲಿ ದುಡಿದವರು ಆಫ್ರಿಕದಿಂದ ಹಿಡಿದು ತಂದ ಜನ.

ತಾವು ಮೆಚ್ಚಿರುವ ಸಾವೊ ಫ್ರಾನ್ಸಿಸ್ಕೊ ಚರ್ಚಿನ ಒಳಗೋಡೆಗಳ ಚಿನ್ನದ ಲೇಪ ನಿಜಕ್ಕೂ ಕಣ್ಣು ಕೋರೈಸುವಂಥದು. ಅಲ್ಲಿಂದ ಸ್ವಲ್ಪವೇ ದೂರದ ಪೆಲೊರಿನ್ಯೊ ಚೌಕದಲ್ಲಿ ಗುಲಾಮರನ್ನು ಕಟ್ಟಿ ಹೊಡೆಯುವ ಕಂಬ ನಿಂತಿತ್ತು. ಅದೇ ಬಡಾವಣೆಯಲ್ಲಿರುವ ರೊಸಾರಿಯೊ ಚರ್ಚನ್ನು ಕಪ್ಪು ಜನರ ಭ್ರಾತೃಸಂಘವೊಂದು 1704ರಲ್ಲಿ ಕಟ್ಟಲಾರಂಭಿಸಿತು. ಒಡೆಯರ ಕೆಲಸ ಮುಗಿದ ಮೇಲೆ ಉಳಿದ ಹೊತ್ತಿನಲ್ಲಿ ಕಟ್ಟಬೇಕಾದ್ದರಿಂದ ಅದು ಪೂರ್ಣವಾಗಲು ಹತ್ತಿರಹತ್ತಿರ ನೂರು ವರ್ಷ ಹಿಡಿಯಿತು. ಸೊಬಗನ್ನು ಕಾಣಬಯಸುವವರಿಗೆ ನಾನು ಮೊದಲು ಹೇಳುವುದು ಈ ಚರ್ಚಿನ ಹೆಸರನ್ನೇ.

ಆ ಜನ ಬರಿಯ ಸಹನೆಯಿಂದ ಬದುಕಿದವರೂ ಅಲ್ಲ. 1835ರ ಜನವರಿಯಲ್ಲಿ, ರಂಜಾನ್ ತಿಂಗಳಲ್ಲಿ, ಅಲ್ಲಿನ ಆಫ್ರಿಕನ್ ಮುಸ್ಲಿಮರು ದಂಗೆಯೆದ್ದರು. ಅವರಲ್ಲಿ ಹಲವರು ಅರಬಿ ಓದು ಬರಹ ಬಲ್ಲವರು. ದಂಗೆಯನ್ನು ಒಂದೇ ರಾತ್ರಿಯಲ್ಲಿ ಅಡಗಿಸಲಾಯಿತಾದರೂ ಒಡೆಯರ ಎದೆಯಲ್ಲಿ ಅದು ಹುಟ್ಟಿಸಿದ ಭಯ ಬಹುಕಾಲ ಉಳಿಯಿತು. ಗುಲಾಮಗಿರಿ ಕಾನೂನಿನಂತೆ ಕೊನೆಗೊಂಡದ್ದು 1888ರಲ್ಲಿ.

ಇಂದಿಗೂ ಬೀದಿಬದಿಯಲ್ಲಿ ಬಿಳಿಯುಡುಗೆಯ ಹೆಂಗಸರು ಅಲಸಂದೆ ಹಿಟ್ಟನ್ನು ತಾಳೆಯೆಣ್ಣೆಯಲ್ಲಿ ಕರಿದು ಮಾರುವ ಅಕರಾಜೆ, ನಮ್ಮ ವಡೆಯ ದೂರದ ನೆಂಟನಂತಿರುವ ಆ ತಿಂಡಿ, ಆಫ್ರಿಕದಿಂದ ಬಂದವರು ಅಲ್ಲಿ ಬೆಳೆಸಿದ ಕಾಂದೊಂಬ್ಲೆ ಧರ್ಮದಲ್ಲಿ ಇಯಾನ್ಸಾ ದೇವತೆಗೆ ಸಲ್ಲುವ ನೈವೇದ್ಯವೂ ಹೌದು. ಪ್ರತಿ ಜನವರಿಯಲ್ಲಿ ಅಂಥದೇ ಉಡುಗೆಯ ಹೆಂಗಸರು ಮೆರವಣಿಗೆಯಲ್ಲಿ ನಡೆದುಹೋಗಿ ಬೊನ್ಫಿಂ ಚರ್ಚಿನ ಮೆಟ್ಟಿಲುಗಳನ್ನು ಸುಗಂಧದ ನೀರಿನಿಂದ ತೊಳೆಯುತ್ತಾರೆ. ಆಫ್ರಿಕದ ದೈವಗಳೂ ಕ್ರೈಸ್ತ ಸಂತರೂ ಒಂದೇ ಅಂಗಳದಲ್ಲಿ ಪೂಜೆಗೊಳ್ಳುವ ಇಂಥ ಆಚರಣೆಯನ್ನು, ಅದನ್ನು ಉಳಿಸಿಕೊಂಡವರ ಚರಿತ್ರೆ ಬಿಟ್ಟು ವರ್ಣಿಸಿದರೆ ಆ ಜನರಿಗೆ ಅನ್ಯಾಯವಾಗುತ್ತದೆ.

ಕಾರ್ನಿವಲ್ ಕುರಿತು ಪ್ರತ್ಯೇಕ ಲೇಖನ ಬೇಕೆಂಬ ತಮ್ಮ ಸಲಹೆಯನ್ನು ಒಪ್ಪಿದ್ದೇನೆ. ಆದರೆ ಅದು 1974ರಲ್ಲಿ ಹುಟ್ಟಿದ, ಕಪ್ಪು ಜನರದೇ ಕಾರ್ನಿವಲ್ ತಂಡವಾದ ಇಲೆ ಆಯೆಯಿಂದಲೇ ಆರಂಭವಾಗಬೇಕೆಂದು ಲೇಖಕರಿಗೆ ತಿಳಿಸಿದ್ದೇನೆ. ಕಪ್ಪು ಜನರನ್ನು ಹೊರಗಿಟ್ಟಿದ್ದ ಹಬ್ಬದೊಳಕ್ಕೆ ತಮ್ಮದೇ ತಮಟೆ ಬಾರಿಸುತ್ತ ಬಂದವರು ಅವರು.

— ಸಂಪಾದಕ