ಓದುಗರ ಪ್ರಶ್ನೆ: ಸೊನ್ನೆಯನ್ನೂ ಬರೆಯಿರಿ

(ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಟ್ಟದ ಮಾರ್ಗದಲ್ಲಿ ಗೂಡ್ಸ್ ರೈಲಿನ ಗಾರ್ಡ್ ಆಗಿದ್ದು ನಿವೃತ್ತರಾದವರೊಬ್ಬರು ಕಳೆದ ಸಂಚಿಕೆಯಲ್ಲಿ ತಮ್ಮ ಕೆಲಸದ ದಿನಗಳನ್ನು ನೆನೆದು ಬರೆದಿದ್ದರು. ಅದನ್ನು ಓದಿದವರು ಕಳುಹಿಸಿದ ಪ್ರಶ್ನೆಗಳಿಗೆ ಅವರೇ ಇಲ್ಲಿ ಉತ್ತರಿಸಿದ್ದಾರೆ.)

ಪ್ರಶ್ನೆ: ಬ್ಯಾಂಕಿನಲ್ಲಿ ಹನ್ನೊಂದು ವರ್ಷದಿಂದ ಅದೇ ಕೌಂಟರು, ಅದೇ ಕೆಲಸ. ಬೇಸರ ಹಿಡಿದಿದೆ. ಒಂದೇ ದಾರಿಯಲ್ಲಿ ಓಡಾಡಿದ ನಿಮಗೆ ಹೀಗಾಗಲಿಲ್ಲವೇ? – ಓದುಗರು, ದಾವಣಗೆರೆ

ಆಗಿತ್ತು, ಮೊದಲ ವರ್ಷದಲ್ಲೇ. ದಾರಿ ಸುಮಾರು 55 ಕಿಲೋಮೀಟರ್. ಅಷ್ಟರಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಪ್ರತಿ 50 ಮೀಟರಿಗೆ ಒಂದು ಮೀಟರ್ ಇಳಿಜಾರು. ಗಾಡಿ ತೆವಳಿಕೊಂಡೇ ಇಳಿಯಬೇಕು. ಕೊನೆಯ ಬ್ರೇಕ್ ವ್ಯಾನಿನಲ್ಲಿ ನಾನೊಬ್ಬನೇ. ಕಾಯ್ದ ಬ್ರೇಕಿನ ವಾಸನೆ ಬಿಟ್ಟರೆ ಜೊತೆಗೆ ಬೇರೇನೂ ಇಲ್ಲ.

ಒಂದು ಮಳೆಗಾಲ ಮುಂದೆ ಗುಡ್ಡ ಜರಿದು, ದಾರಿ ನಡುವಿನ ಎಡಕುಮೇರಿ ನಿಲ್ದಾಣದಲ್ಲಿ ನಾಲ್ಕು ಗಂಟೆ ನಿಲ್ಲಬೇಕಾಯಿತು. ಹಳಿ ಕಾಯುವ ಹಿರಿಯ ಗ್ಯಾಂಗ್‌ಮನ್ ಒಬ್ಬರು ಕಂಬಳಿ ಕೊಪ್ಪೆ ಹಾಕಿಕೊಂಡು ಪಕ್ಕದಲ್ಲಿ ಬಂದು ಕುಳಿತರು. ಕಾಲಿಗೆ ಹತ್ತಿದ್ದ ಇಂಬಳಕ್ಕೆ (ಜಿಗಣೆಗೆ) ಸುಣ್ಣ ಸವರುತ್ತಾ ಎದುರಿನ ಬಂಡೆ ತೋರಿಸಿದರು. "ನೀರು ಎಷ್ಟು ಬರುತ್ತಿದೆ ಎಂದು ನೋಡಬೇಡಿ, ಯಾವ ಬಣ್ಣದ್ದು ನೋಡಿ" ಎಂದರು. ತಿಳಿನೀರು ಇಳಿಯುತ್ತಿದ್ದರೆ ಅಷ್ಟು ಭಯವಿಲ್ಲ. ನಿನ್ನೆ ತಿಳಿಯಾಗಿದ್ದ ಜಾಗದಲ್ಲಿ ಇವತ್ತು ಕೆಂಪು ನೀರು ಬಂದರೆ ಒಳಗೆ ಮಣ್ಣು ಸಡಿಲವಾಗಿದೆ ಎಂದೇ ತಿಳಿಯಬೇಕು. ಮರುದಿನದಿಂದ ನಾನು ಪ್ರತಿ ತಿರುವಿನಲ್ಲೂ ನೀರಿನ ಬಣ್ಣ ನೋಡತೊಡಗಿದೆ. ಅಲ್ಲಿಂದ ಮುಂದೆ ಆ ದಾರಿ ಒಂದು ದಿನವೂ ನಿನ್ನೆಯದಾಗಿರಲಿಲ್ಲ. ನಿಮ್ಮ ಕೌಂಟರಿನಲ್ಲಿ ಅಂಥದ್ದು ಯಾವುದೋ ನೀವೇ ಹುಡುಕಬೇಕು. ಚಲನ್ ತುಂಬಲು ಬಾರದೆ ಪೆನ್ನು ಹಿಡಿದು ಹಿಂಜರಿಯುವ ಕೈಗಳನ್ನು ಒಂದು ವಾರ ನೋಡಿ, ನನಗೆ ಮತ್ತೆ ಬರೆಯಿರಿ.

ಪ್ರಶ್ನೆ: ಗೆಳೆಯರೆಲ್ಲ ಸೇರಿ ಆ ಹಳಿಯ ಮೇಲೆ ಚಾರಣ ಹೋಗಬೇಕೆಂದಿದ್ದೇವೆ. ಯಾವ ತಿಂಗಳು ಒಳ್ಳೆಯದು? – ವಿದ್ಯಾರ್ಥಿ, ಬೆಂಗಳೂರು

ಯಾವ ತಿಂಗಳೂ ಅಲ್ಲ. ಮೀಟರ್ ಗೇಜ್ ಹಳಿಯನ್ನು ಅಗಲವಾದ ಬ್ರಾಡ್ ಗೇಜ್‌ಗೆ ಬದಲಿಸಲು 1996ರಲ್ಲಿ ಮಾರ್ಗ ಮುಚ್ಚಿದ ಮೇಲೆ ಅಲ್ಲಿ ಚಾರಣ ಶುರುವಾಯಿತು. 2006ರಲ್ಲಿ ಗೂಡ್ಸ್ ಗಾಡಿಗಳು, ಮರುವರ್ಷ ಪ್ರಯಾಣಿಕರ ಗಾಡಿಗಳು ಬಂದವು. ಜನ ಮಾತ್ರ ನಡೆಯುವುದನ್ನು ಬಿಡಲಿಲ್ಲ. ಹಳಿಯ ಮೇಲೆ ನಡೆಯುವುದು ಅಪರಾಧ. ಅದಕ್ಕಿಂತ ಮುಖ್ಯವಾದದ್ದು, ಆ ಇಳಿಜಾರಿನಲ್ಲಿ ತುಂಬಿದ ಗಾಡಿ ನಿಮ್ಮನ್ನು ಕಂಡ ಕೂಡಲೇ ನಿಲ್ಲಲಾರದು. ಹಗಲಿನ ರೈಲಿಗೆ ಟಿಕೆಟ್ ತೆಗೆದುಕೊಂಡು ಕಿಟಕಿಯ ಬಳಿ ಕೂರಿರಿ.

ಪ್ರಶ್ನೆ: ನಿವೃತ್ತಿಯ ನಂತರ ಮಳೆ ಅಳೆಯುವ ಹವ್ಯಾಸ ಹಿಡಿದೆ ಎಂದು ಬರೆದಿದ್ದಿರಿ. ನನಗೂ ಆಸೆ. ಹೇಗೆ ಶುರು ಮಾಡಲಿ? – ಗೃಹಿಣಿ, ತೀರ್ಥಹಳ್ಳಿ

ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು ತಾಯಿ. ಮಳೆಮಾಪಕ ಕೊಳ್ಳುವುದು ಆಮೇಲಾಯಿತು. ಬಾಯಿಯೂ ತಳವೂ ಒಂದೇ ಅಗಲವಿರುವ ನೇರ ಡಬ್ಬವೊಂದು ಸಾಕು. ಅಂಗಳದ ಬಯಲಿನಲ್ಲಿ ನೆಲದಿಂದ ಒಂದಡಿ ಎತ್ತರಕ್ಕೆ ಅಲುಗಾಡದಂತೆ ಇಡಿ. ಸೂರಿನ ನೀರು, ಅಡಿಕೆ ಸೋಗೆಯ ಹನಿ ಅದಕ್ಕೆ ಬೀಳಬಾರದು. ದಿನವೂ ಬೆಳಗ್ಗೆ 8.30ಕ್ಕೆ ಸ್ಕೇಲು ಇಳಿಸಿ ನೀರಿನ ಎತ್ತರ ನೋಡಿ, ಚೆಲ್ಲಿ. ಒಂದು ಮಿಲಿಮೀಟರ್ ಎಂದರೆ ಒಂದು ಚದರ ಮೀಟರ್ ಅಂಗಳಕ್ಕೆ ಒಂದು ಲೀಟರ್ ನೀರು. ನಮ್ಮ ಕಡೆಯ ತೋಟದವರ ಲೆಕ್ಕ ಇಂಚು–ಸೆಂಟಿನದು. ನೂರು ಸೆಂಟಿಗೆ ಒಂದು ಇಂಚು.

ಮಳೆ ಬಾರದ ದಿನವೂ ಪುಸ್ತಕ ತೆರೆದು ಸೊನ್ನೆ ಬರೆಯಲೇಬೇಕು. ಗಾರ್ಡ್ ಜರ್ನಲಿನಲ್ಲಿ ಗಾಡಿ ನಿಂತ ನಿಮಿಷಗಳನ್ನೂ ಬರೆಯುತ್ತಿದ್ದೆವು, ಆ ಅಭ್ಯಾಸ ನನ್ನನ್ನು ಬಿಟ್ಟಿಲ್ಲ. ಪುಸ್ತಕದಲ್ಲಿ ಖಾಲಿ ಬಿಟ್ಟ ಜಾಗವನ್ನು ಆರು ತಿಂಗಳ ನಂತರ ನೋಡಿದರೆ ಅಂದು ಮಳೆ ಬರಲಿಲ್ಲವೋ, ನೀವು ನೋಡಲಿಲ್ಲವೋ ತಿಳಿಯುವುದಿಲ್ಲ.

ಪ್ರಶ್ನೆ: ಹಬ್ಬಹರಿದಿನಗಳಲ್ಲೂ ಡ್ಯೂಟಿಯಲ್ಲೇ ಇದ್ದಿರಂತೆ. ಮನೆಯವರಿಗೆ ಬೇಸರವಿರಲಿಲ್ಲವೇ? – ಓದುಗರು, ಅರಸೀಕೆರೆ

ಇತ್ತು. ಮಗಳು ಸಣ್ಣವಳಿದ್ದಾಗ ಎಷ್ಟು ದೀಪಾವಳಿ ತಪ್ಪಿಸಿಕೊಂಡೆನೋ ಲೆಕ್ಕವಿಡಲಿಲ್ಲ, ಅದೊಂದು ನೋವು ಹಾಗೆಯೇ ಉಳಿದಿದೆ. ಈಗ ಅವಳು ಧಾರವಾಡದಲ್ಲಿದ್ದಾಳೆ. ಬೆಳಗ್ಗೆ ಎಂಟೂ ಮುಕ್ಕಾಲಕ್ಕೆ ಫೋನ್ ಮಾಡಿ, "ಅಪ್ಪಾ, ಎಷ್ಟು?" ಎಂದು ಕೇಳುತ್ತಾಳೆ. ಈ ಮಾರ್ಚಿನಲ್ಲಿ ಹತ್ತೊಂಬತ್ತು ದಿನ ಸತತವಾಗಿ ಸೊನ್ನೆ ಹೇಳಿದೆ. ಮೊನ್ನೆ ರಾತ್ರಿ ಗುಡುಗಿತು. ಬೆಳಗ್ಗೆ ನೋಡಿದರೆ 68 ಸೆಂಟ್.

"ಹಿತ್ತಿಲಿನ ರೊಬಸ್ಟಾ ಕಾಫಿ ಹೂ ಅರಳಲು ಅಷ್ಟು ಸಾಕಾ?" ಎಂದಳು.

"ಇನ್ನೊಂದು ಮಳೆ ಬಂದರೆ ಒಳ್ಳೆಯದಿತ್ತು. ಅರಳಿದರೆ ಮುಂದಿನ ವಾರ ನೋಡಬಹುದು" ಎಂದೆ.

ಶನಿವಾರದ ರಾತ್ರಿ ಬಸ್ಸಿಗೆ ಟಿಕೆಟ್ ಮಾಡಿಸಿದ್ದಾಳೆ.